ದುಬೈ ಡಿಸ್ಟ್ರಿಬ್ಯೂಟರ್ ‘ಸೋಲ್ ಏಜೆನ್ಸಿ ಬರೆದುಕೊಡಿ’ ಅಂತಾರೆ, ಕೊಡಬಹುದಾ?

ಪ್ರಶ್ನೆ: ಸರ್, ಬದಿಯಡ್ಕದ ಹತ್ತಿರ ನನ್ನದು ಅಡಿಕೆ ಹಾಳೆ ತಟ್ಟೆಯ ಸಣ್ಣ ಯೂನಿಟ್. 8 ವರ್ಷದಿಂದ ದುಬೈಯ ಒಬ್ಬರೇ ಡಿಸ್ಟ್ರಿಬ್ಯೂಟರಿಗೆ ಮಾಲು ಕಳಿಸುತ್ತಿದ್ದೇನೆ. ನಮ್ಮ ಊರಿನವರೇ. ಎಲ್ಲಾ ಫೋನಿನಲ್ಲೇ, ಕರಾರು ಅಂತ ಏನೂ ಇಲ್ಲ. ದುಡ್ಡು ಒಮ್ಮೆಯೂ ನಿಂತಿರಲಿಲ್ಲ. ಈಗ ಒಂದು ವರ್ಷದಿಂದ ಪ್ರತಿ ಲೋಡಿಗೂ ‘ಬೂಸ್ಟು ಬಂದಿದೆ’ ಅಂತ ಬಿಲ್ಲಿನಲ್ಲಿ ಕಡಿತ. ಫೋಟೋ ಕೇಳಿದರೆ ‘ನಂಬಿಕೆ ಇಲ್ವಾ?’ ಅಂತಾರೆ. ಅದರ ಮೇಲೆ, ನಮ್ಮ ಬ್ರ್ಯಾಂಡನ್ನು ಅಲ್ಲಿ ತಮ್ಮ ಹೆಸರಿನಲ್ಲಿ ನೋಂದಾಯಿಸಬೇಕಂತೆ, ಸೋಲ್ ಏಜೆನ್ಸಿಯೂ, ಅಂದ್ರೆ ಅಲ್ಲಿ ಅವರೊಬ್ಬರೇ ಮಾರುವ ಹಕ್ಕೂ, ಬೇಕಂತೆ. ಅವರು ಹೇಳಿದ ಅಳತೆಗೆಂದೇ 4 ಡೈ (ತಟ್ಟೆ ಒತ್ತುವ ಅಚ್ಚು) ಮಾಡಿಸಿದ್ದೇನೆ. ಅದರ ಸಾಲ ಇನ್ನೂ ತೀರಿಲ್ಲ.

ಉತ್ತರ (ರಫ್ತು ವ್ಯವಹಾರ ನೋಡುವ ವಕೀಲರು): ಮೊದಲು ಡೈಗಳ ಮಾತು. ಆ ಅಳತೆ ಬೇರೆ ಯಾರಿಗೂ ಬೇಡ ಅಲ್ವಾ? ನೀವು ಸಿಕ್ಕಿಬಿದ್ದಿರುವುದು ಅಲ್ಲೇ. 2009ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಆಲಿವರ್ ವಿಲಿಯಮ್ಸನ್ ಇದನ್ನೇ ವರ್ಷಗಟ್ಟಲೆ ಕೆದಕಿದವರು. ಬೇರೆ ಕಡೆ ಕೆಲಸಕ್ಕೆ ಬಾರದ ಹೂಡಿಕೆ ಒಬ್ಬನದಾದರೆ, ಇನ್ನೊಬ್ಬನಿಗೆ ಕೈಚಳಕ ತೋರಿಸುವ ಆಸೆ ಹುಟ್ಟುತ್ತದೆ. ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಲದ ಗಡುವಿಗೆ ಸಿಕ್ಕವನು ಚೀಲ ತಂದ ದಿನವೇ ವ್ಯಾಪಾರಿಗೆ ಕ್ವಾಲಿಟಿ ಕಮ್ಮಿ ಕಾಣುತ್ತದೆ. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಹುಟ್ಟಿದ್ದು ಸುಮ್ನೆ ಅಲ್ಲ.

ಬೂಸ್ಟು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಹಾಳೆಯಲ್ಲಿ ತೇವ ಉಳಿದರೂ, ಕಂಟೇನರ್ ಒಳಗೆ ಬೆವರಿದರೂ ಅದು ಬರುತ್ತದೆ. ಆದರೆ ಫೋಟೋ ಕೇಳುವುದಕ್ಕೂ ಅಪನಂಬಿಕೆಗೂ ಸಂಬಂಧ ಇಲ್ಲ. ಇನ್ನು ಮುಂದೆ ಪ್ರತಿ ಪೆಟ್ಟಿಗೆಗೆ ಬ್ಯಾಚ್ ನಂಬರ್ ಹಾಕಿ. ಕಂಟೇನರ್ ಬಾಗಿಲು ತೆರೆದ 7 ದಿನದೊಳಗೆ ಫೋಟೋ ಬರಬೇಕು, ದೊಡ್ಡ ಮೊತ್ತವಾದರೆ ಮಾಲು ಪರೀಕ್ಷಿಸುವ ಹೊರಗಿನ ಸರ್ವೇಯರ್ ವರದಿಯೂ ಬೇಕು ಅಂತ ಬರೆಸಿಕೊಳ್ಳಿ. ಇಸಿಜಿಸಿ ವಿಮೆ (ಖರೀದಿದಾರ ದುಡ್ಡು ಕೊಡದಿದ್ದರೆ ರಫ್ತುದಾರನಿಗೆ ಸಿಗುವ ಸರಕಾರಿ ಕಂಪನಿಯ ವಿಮೆ) ಇದೆ ಅಂತ ಧೈರ್ಯ ಬೇಡ. ಖರೀದಿದಾರ ಗುಣಮಟ್ಟದ ತಕರಾರು ಎತ್ತಿದರೆ, ಸಾಮಾನ್ಯವಾಗಿ ಅವನ ದೇಶದ ಕೋರ್ಟಿನಿಂದ ಡಿಕ್ರಿ ತರುವ ತನಕ ಆ ವಿಮೆ ಒದಗುವುದಿಲ್ಲ. ಬೂಸ್ಟು ಅನ್ನುವ ಒಂದು ಮಾತಿಗೆ ಇಷ್ಟು ಬಲ!

ಬ್ರ್ಯಾಂಡ್ ಮಾತ್ರ ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ. ಒಂದೇ ಅರ್ಜಿಯಲ್ಲಿ ಹಲವು ದೇಶಗಳಲ್ಲಿ ಟ್ರೇಡ್‌ಮಾರ್ಕ್ ಕೇಳುವ ಮ್ಯಾಡ್ರಿಡ್ ವ್ಯವಸ್ಥೆಗೆ ಭಾರತ 2013ರಲ್ಲಿ, ಯುಎಇ 2021ರ ಕೊನೆಗೆ ಸೇರಿವೆ. ಇಲ್ಲಿ ಟ್ರೇಡ್‌ಮಾರ್ಕ್ ಅರ್ಜಿ ಹಾಕಿ, ಅದರ ಮೇಲೆ ಇಲ್ಲಿಂದಲೇ ಅಲ್ಲಿಗೂ ಕೇಳಬಹುದು.

ಏಜೆನ್ಸಿ ವಿಷಯ ಇನ್ನೂ ಸೂಕ್ಷ್ಮ. ಯುಎಇಯಲ್ಲಿ ಏಜೆನ್ಸಿ ಸರಕಾರದಲ್ಲಿ ನೋಂದಣಿಯಾದರೆ, ಬೇರೆಯವರು ತರಿಸುವ ನಿಮ್ಮದೇ ಮಾಲನ್ನು ಏಜೆಂಟ್ ಕಸ್ಟಮ್ಸಿನಲ್ಲಿ ತಡೆಯಬಹುದು. 1981ರ ಕಾನೂನಿನಲ್ಲಂತೂ ಅವಧಿ ಮುಗಿದರೂ ಏಜೆಂಟನನ್ನು ಬಿಡಿಸುವುದು ಹರಸಾಹಸವಾಗಿತ್ತು. 2022ರ ಹೊಸ ಕಾನೂನು ಸ್ವಲ್ಪ ಸಡಿಲ. ಹಾಗಂತ ಅವಧಿ ಬರೆಯದೆ ಸಹಿ ಹಾಕಬೇಡಿ. ಕೊಡುವುದಾದರೆ 2 ವರ್ಷಕ್ಕೆ ಕೊಡಿ, ವರ್ಷಕ್ಕೆ ಕನಿಷ್ಠ ಇಷ್ಟು ಖರೀದಿ ಅಂತ ಕಟ್ಟಿ. ಮುಂದಿನ ಡೈಯ ಅರ್ಧ ಖರ್ಚು ಅವರದಾಗಲಿ. ಆಗ ಅವರ ಕೈಯೂ ಸ್ವಲ್ಪ ಸಿಕ್ಕಿಕೊಳ್ಳುತ್ತದೆ.

ಒಂದು ಕೇಳಲಾ? 7 ವರ್ಷ ಸರಿ ಇದ್ದವರು ಈಗ ಯಾಕೆ ಹೀಗಾದರು? ನಿಮ್ಮ ಕಡೆಯಿಂದ ಏನಾದರೂ ಆಯಿತಾ?

ಪ್ರಶ್ನೆ ಕೇಳಿದವರು: ಹೇಳಲೇಬೇಕು ಸರ್. ಕಳೆದ ವರ್ಷ ಶಾರ್ಜಾದ ಒಂದು ಹೋಟೆಲಿಗೆ ನನ್ನ ಅಳಿಯನ ಮೂಲಕ ನೇರ ಮಾಲು ಕೊಟ್ಟೆ. ಎರಡೇ ಸಲ. ಆ ಹೋಟೆಲನ್ನು ಪರಿಚಯಿಸಿದ್ದು ಇವರೇ. ಗೊತ್ತಾಗಿರಲಿಕ್ಕಿಲ್ಲ ಅಂದುಕೊಂಡಿದ್ದೆ.

ಉತ್ತರ: ಗೊತ್ತಾಗಿದೆ! ದುಬೈ ನಮ್ಮವರಿಗೆ ಕುಂಬಳೆ ಪೇಟೆಗಿಂತ ದೊಡ್ಡದೇನಲ್ಲ. ಅವರ ಲೆಕ್ಕದಲ್ಲಿ ಮೊದಲು ದಾರಿ ತಪ್ಪಿದ್ದು ನೀವು. ಹೊಸ ಊರಿನಲ್ಲಿ ಗಿರಾಕಿ ಹುಡುಕಿ, ಗೋಡೌನ್ ಮಾಡಿ, ಹಾಳೆ ತಟ್ಟೆ ಅಂದ್ರೆ ಏನು ಅಂತ ಹೋಟೆಲಿನವರಿಗೆ ಕಲಿಸಿದ ಶ್ರಮವೂ ನಿಮ್ಮ ಡೈ ಹಾಗೆಯೇ, ವಾಪಸ್ ಬರುವುದಿಲ್ಲ. ಸೋಲ್ ಏಜೆನ್ಸಿ ಕೇಳಿದ್ದು ಆಸೆಗಿಂತ ಹೆದರಿಕೆಯಿಂದ ಅಂತ ನನಗನಿಸುತ್ತದೆ. ಕಡಿತ ಬಹುಶಃ ಆ ಹೋಟೆಲಿನ ಕಮಿಷನ್.

ರಜೆಗೆ ಊರಿಗೆ ಬರುತ್ತಾರಲ್ವಾ? ಫೋನ್ ಬೇಡ, ಮನೆಗೇ ಹೋಗಿ. ಶಾರ್ಜಾದ ಎರಡು ಬಿಲ್ಲನ್ನು ನೀವೇ ಮುಂದಿಡಿ, ಅವರ ಕಮಿಷನ್ ಕೊಟ್ಟುಬಿಡಿ. ಆಮೇಲೆ ಕಡಿತದ ಪಟ್ಟಿ ತೆಗೆಯಿರಿ. ಟ್ರೇಡ್‌ಮಾರ್ಕ್ ಅರ್ಜಿ ಮಾತ್ರ ಹೋಗುವ ಮೊದಲೇ ಹಾಕಿರಿ.