ನಿಯಮ ಬದಲಾಯಿಸಿದರೆ ರೇಸ್ ನಿಜಕ್ಕೂ ಮಜಾ ಆಗುತ್ತದಾ?

ಪಣಂಬೂರು_ಪಿಟ್‌ಲೇನ್:

ಎಫ್‌ಒನ್ (ಫಾರ್ಮುಲಾ ಒನ್ ಕಾರ್ ರೇಸ್) ನೋಡುವವರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೆ ಇಲ್ಲೇ ಕೇಳುತ್ತಿದ್ದೇನೆ. ಕೆಲವು ವರ್ಷಕ್ಕೊಮ್ಮೆ ಕಾರಿನ ನಿಯಮ ಪೂರ್ತಿ ಬದಲಾಗುತ್ತದೆ. ಪೈಪೋಟಿ ಬಿಗಿಯಾಗಬೇಕು, ನೋಡುವವರಿಗೆ ಮಜಾ ಬರಬೇಕು ಎನ್ನುತ್ತಾರೆ. ಆದರೆ ಆಗುವುದು ಎಂತ? 2014ರಲ್ಲಿ ಹೊಸ ಹೈಬ್ರಿಡ್ ಎಂಜಿನ್ ಬಂತು, 19 ರೇಸುಗಳಲ್ಲಿ 16 ಮರ್ಸಿಡಿಸ್ ಪಾಲಾಯಿತು. 2022ರಲ್ಲಿ ಕಾರುಗಳು ಒಂದರ ಹಿಂದೆ ಒಂದು ಅಂಟಿಕೊಂಡು ಓಡಲಿ ಎಂದೇ ಹೊಸ ವಿನ್ಯಾಸ ತಂದರು. ಮರುವರ್ಷ 22 ರೇಸುಗಳಲ್ಲಿ 21 ರೆಡ್ ಬುಲ್ ಟೀಮೇ ಗೆದ್ದಿತು. 2026ಕ್ಕೆ ಮತ್ತೆ ಎಲ್ಲ ಹೊಸದು, ಓವರ್‌ಟೇಕಿಗೆಂದು ಹಿಂದಿನ ಕಾರಿನ ರೆಕ್ಕೆ ತೆರೆಯುತ್ತಿದ್ದ ಡಿಆರ್‌ಎಸ್ ಕೂಡ ತೆಗೆದರು.

ನನಗೆ ಈ ಆಟ ತುಂಬ ಇಷ್ಟ, ಬಿಡುವ ಮಾತೇ ಇಲ್ಲ. ಆದರೆ ಮನೆಯವರನ್ನು ಕೂರಿಸಿ ತೋರಿಸಿದರೆ ಹತ್ತು ಲ್ಯಾಪ್ ಆಗುವಾಗ ಎದ್ದು ಹೋಗುತ್ತಾರೆ. ನಿಯಮದಿಂದ ಇದನ್ನು ಸರಿಮಾಡಲು ಸಾಧ್ಯ ಉಂಟಾ, ಅಥವಾ ದುಡ್ಡು ಮತ್ತು ಬುದ್ಧಿ ಇರುವ ಟೀಮ್ ಯಾವ ನಿಯಮ ಬಂದರೂ ಗೆಲ್ಲುತ್ತದಾ?

ಮಣಿಪಾಲ_ಮೆಕ್ಯಾನಿಕಲ್:

ಅಣ್ಣ, ಇದರಲ್ಲಿ ಎರಡು ಬೇರೆ ಬೇರೆ ಪ್ರಶ್ನೆ ಸೇರಿಕೊಂಡಿವೆ. ಯಾರು ಗೆಲ್ಲುತ್ತಾರೆ ಎನ್ನುವುದು ಒಂದು. ಹಿಂದಿನ ಕಾರು ಮುಂದಿನ ಕಾರಿನ ಬಾಲ ಹಿಡಿಯಲು ಆಗುತ್ತದಾ ಎನ್ನುವುದು ಇನ್ನೊಂದು. 2022ರ ನಿಯಮ ಬಂದದ್ದು ಮುಖ್ಯವಾಗಿ ಎರಡನೆಯದಕ್ಕೆ.

ಎಫ್‌ಒನ್ ಕಾರು ತಿರುವಿನಲ್ಲಿ ನೆಲಕ್ಕೆ ಕಚ್ಚಿಕೊಂಡು ಹೋಗುವುದು ಗಾಳಿಯ ಒತ್ತಡದಿಂದ, ಅದೇ ಡೌನ್‌ಫೋರ್ಸ್. ಮುಂದಿನ ಕಾರು ಹಿಂದೆ ಬಿಡುವ ಗಾಳಿ ಚೆಲ್ಲಾಪಿಲ್ಲಿ ಆಗಿರುತ್ತದೆ. ಆ ಗಾಳಿಯೊಳಗೆ ಹೋದ ಕಾರಿಗೆ ಹಿಡಿತ ಸಿಗುವುದಿಲ್ಲ, ಜಾರುತ್ತದೆ, ಟಯರ್ ಬಿಸಿಯಾಗುತ್ತದೆ, ಎರಡು ಲ್ಯಾಪ್ ಪ್ರಯತ್ನಪಟ್ಟು ಡ್ರೈವರ್ ತಾನೇ ಹಿಂದೆ ಸರಿಯುತ್ತಾನೆ. ಎಫ್‌ಒನ್‌ನವರೇ ಕೊಟ್ಟ ಲೆಕ್ಕದಲ್ಲಿ ಹಳೆಯ ಕಾರು 10 ಮೀಟರ್ ಹಿಂದೆ ಇದ್ದರೆ ಸುಮಾರು 46% ಡೌನ್‌ಫೋರ್ಸ್ ಹೋಗುತ್ತಿತ್ತು. 2022ರ ವಿನ್ಯಾಸದಲ್ಲಿ ಅದು ಸುಮಾರು 18%ಕ್ಕೆ ಇಳಿಯಿತು. ಒತ್ತಡದ ದೊಡ್ಡ ಪಾಲು ಕಾರಿನ ಅಡಿಭಾಗದಿಂದ ಬರುವ ಹಾಗೆ ಮಾಡಿದರು, ಹಿಂದಿನ ರೆಕ್ಕೆಯ ಆಕಾರ ಬದಲಿಸಿ ಕೆಟ್ಟ ಗಾಳಿಯನ್ನು ಮೇಲಕ್ಕೆ ಕಳಿಸಿದರು. ಆಮೇಲೆ ಟೀಮ್‌ಗಳು ವೇಗಕ್ಕಾಗಿ ರೆಕ್ಕೆಯ ಬದಿಗಳಲ್ಲಿ, ಫ್ಲೋರ್ (ಕಾರಿನ ತಳ) ಅಂಚಿನಲ್ಲಿ ಏನೇನೋ ಸೇರಿಸುತ್ತಾ ಹೋದವು, ಕೆಟ್ಟ ಗಾಳಿ ವಾಪಸ್ ಬಂತು. 2025ರ ಹೊತ್ತಿಗೆ ಡ್ರೈವರ್‌ಗಳೇ ಮತ್ತೆ ದೂರು ಹೇಳುತ್ತಿದ್ದರು.

ಹಾಗಾಗಿ ನಿಯಮ ಕೆಲಸ ಮಾಡುತ್ತದೆ. ಬರೆದವರಿಗಿಂತ ಓದುವ ಎಂಜಿನಿಯರ್‌ಗಳು ಜಾಸ್ತಿ ಇರುತ್ತಾರೆ, ಅಷ್ಟೇ. 2009ರಲ್ಲೂ ಓವರ್‌ಟೇಕಿಗೆಂದೇ ನಿಯಮ ಬದಲಾಯಿಸಿದ್ದರು. ಬ್ರಾನ್ ಮತ್ತೆರಡು ಟೀಮ್ ನಿಯಮದ ಸಂದಿಯಲ್ಲಿ ಡಬಲ್ ಡಿಫ್ಯೂಸರ್‌ನ (ಕಾರಿನ ಹಿಂಬದಿಯ ತಳದಲ್ಲಿ ಡೌನ್‌ಫೋರ್ಸ್ ಹೆಚ್ಚಿಸುವ ಭಾಗ) ದಾರಿ ಕಂಡುಕೊಂಡವು, ಬ್ರಾನ್ ಚಾಂಪಿಯನ್‌ಷಿಪ್ಪನ್ನೇ ಗೆದ್ದಿತು. ಮತ್ತೆ 2014ರ ಎಂಜಿನ್ ತಂದದ್ದು ಪೈಪೋಟಿಗೆ ಅಲ್ಲ, ಇಂಧನ ಉಳಿತಾಯಕ್ಕೆ. ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ಕಾಪು_ರೈಡರ್:

ನಾನು ಬೈಕ್ ಕಡೆಯವನು. ಬೈಕ್ ರೇಸಿನ ಅತಿ ದೊಡ್ಡ ಸರಣಿ ಮೋಟೋಜಿಪಿ ಉದಾಹರಣೆ ನೋಡಿ. 2016ರಲ್ಲಿ ಎಲ್ಲರಿಗೂ ಒಂದೇ ಎಲೆಕ್ಟ್ರಾನಿಕ್ಸ್ ಸಾಫ್ಟ್‌ವೇರ್ ಕಡ್ಡಾಯ ಮಾಡಿದರು, ಟಯರ್ ಕಂಪನಿಯೂ ಬದಲಾಗಿ ಮಿಷೆಲಿನ್ ಬಂತು. ಆ ವರ್ಷ ಒಂಬತ್ತು ಬೇರೆ ಬೇರೆ ರೈಡರ್‌ಗಳು ಗೆದ್ದರು! ಮಳೆಯ ಪಾಲೂ ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ದೊಡ್ಡ ಫ್ಯಾಕ್ಟರಿಯ ಗುಟ್ಟಿನ ಸಾಫ್ಟ್‌ವೇರ್ ಹೋದದ್ದರಿಂದ ಸಣ್ಣ ಟೀಮ್‌ಗಳಿಗೆ ಉಸಿರು ಬಂತು.

ಆಮೇಲೆ ರೆಕ್ಕೆ ಬಂತು, ಬೈಕನ್ನು ತಗ್ಗಿಸುವ ರೈಡ್ ಹೈಟ್ ಡಿವೈಸ್ ಬಂತು. ಅದರೊಟ್ಟಿಗೆ ಹಿಂದೆ ಓಡುವವನ ಮುಂದಿನ ಟಯರ್ ಬಿಸಿಯಾಗಿ ಪ್ರೆಷರ್ ಏರುವ ತಲೆನೋವೂ ಬಂತು. ಬ್ರೇಕಿಂಗ್‌ನಲ್ಲಿ ನುಗ್ಗುವ ಧೈರ್ಯವನ್ನೇ ಕಸಿದುಕೊಂಡರು ಮಾರಾಯ್ರೆ, ಬೈಕ್ ರೇಸಿನ ಜೀವವೇ ಅದು. 2027ಕ್ಕೆ ಆ ಡಿವೈಸ್ ನಿಷೇಧ, ಎಂಜಿನ್ 1000 ಸಿಸಿಯಿಂದ 850ಕ್ಕೆ, ರೆಕ್ಕೆಯೂ ಚಿಕ್ಕದು. ನಾನು ಅದಕ್ಕೇ ಕಾಯುತ್ತಿದ್ದೇನೆ. ಹೊಸದಾಗಿ ಏನಾದರೂ ಸೇರಿಸುವುದಕ್ಕಿಂತ ಇರುವುದನ್ನು ತೆಗೆದಾಗಲೇ ರೇಸ್ ಚೆನ್ನಾಗಾಗುತ್ತದೆ.

ಕರೆ_ಬದಿಯವ:

ನಮ್ಮ ಕಂಬಳ ನೋಡಿ. ಜೋಡುಕರೆ ಎಂದರೆ ಎರಡು ಕೆಸರು ಓಟದ ದಾರಿ, ಎರಡು ಜೋಡಿ ಕೋಣ ಅಕ್ಕಪಕ್ಕ ಓಡುತ್ತವೆ, ಯಾರೂ ಯಾರ ದಾರಿಗೂ ಅಡ್ಡ ಇಲ್ಲ. ಹಗ್ಗ, ನೇಗಿಲು, ಅಡ್ಡ ಹಲಗೆ ಎಂದು ವಿಭಾಗ, ಅದರಲ್ಲೂ ಕಿರಿಯ ಹಿರಿಯ. ಬಲ ಸರಿಸಮ ಇರುವವರನ್ನು ಎದುರು ಬದುರು ಬಿಟ್ಟರೆ ರಾತ್ರಿ ಎರಡು ಗಂಟೆಗೂ ಜನ ಕದಲುವುದಿಲ್ಲ. ಎಫ್‌ಒನ್‌ನಲ್ಲಿ ಕೊನೆಯ ಸಾಲಿನ ಟೀಮನ್ನೂ ಮೊದಲ ಸಾಲಿನ ಟೀಮನ್ನೂ ಒಂದೇ ಕರೆಗೆ ಇಳಿಸಿ ಪೈಪೋಟಿ ಬೇಕು ಎಂದರೆ ಹೇಗೆ? ಎಲ್ಲರಿಗೂ ಒಂದೇ ಕಾರು ಕೊಡಿ, ಮುಗಿಯಿತು.

ಮಣಿಪಾಲ_ಮೆಕ್ಯಾನಿಕಲ್:

ಒಂದೇ ಕಾರಿನ ರೇಸ್ ಬೇಕಾದರೆ ಎಫ್‌ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಎಫ್‌ಟೂ ಇದೆ ಅಲ್ವಾ, ಅದು ತುಂಬ ಚೆನ್ನಾಗಿದೆ ಕೂಡ. ಅಲ್ಲಿ ಸ್ಪ್ರಿಂಟ್ (ಚಿಕ್ಕ) ರೇಸಿಗೆ ಕ್ವಾಲಿಫೈಯಿಂಗ್‌ನ (ಹೊರಡುವ ಕ್ರಮ ತೀರ್ಮಾನಿಸುವ ಸುತ್ತು) ಮೊದಲ ಹತ್ತು ಮಂದಿಯನ್ನು ಉಲ್ಟಾ ನಿಲ್ಲಿಸುತ್ತಾರೆ. ಆದರೆ ಎಫ್‌ಒನ್‌ನಿಂದ ಕಾರು ಕಟ್ಟುವ ಸ್ಪರ್ಧೆಯನ್ನು ತೆಗೆದರೆ ನನ್ನಂಥವರಿಗೆ ಅಲ್ಲಿ ನೋಡಲು ಏನೂ ಉಳಿಯುವುದಿಲ್ಲ. ಟೀಮ್‌ಗಳನ್ನು ಸರಿಸಮ ಮಾಡಲು 2021ರಿಂದ ಖರ್ಚಿನ ಮಿತಿ ಇದೆ, ಮೊದಲ ವರ್ಷ 14.5 ಕೋಟಿ ಡಾಲರ್. ಜೊತೆಗೆ ಹಿಂದಿನ ಸ್ಥಾನದ ಟೀಮ್‌ಗೆ ವಿಂಡ್ ಟನಲ್ (ಕಾರಿನ ಮೇಲೆ ಗಾಳಿ ಹಾಯಿಸಿ ಪರೀಕ್ಷಿಸುವ ಸುರಂಗ) ಸಮಯ ಜಾಸ್ತಿ, ಚಾಂಪಿಯನ್‌ಗೆ ಕಡಿಮೆ. ಫಲ ನಿಧಾನಕ್ಕೆ ಬಂತು, ಆದರೆ ಬಂತು.

ಉಡುಪಿ_ಹಳೇ_ಫ್ಯಾನ್:

ಎಂಬತ್ತು-ತೊಂಬತ್ತರ ದಶಕದ ಚಾಂಪಿಯನ್ ಸೆನ್ನಾ ಕಾಲದಿಂದ ನೋಡುತ್ತಾ ಬಂದವನು ನಾನು. ನೀವೆಲ್ಲ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಿಯಮ ತಂದ ವರ್ಷ ರೇಸ್ ಚೆನ್ನಾಗಾಗುವುದು ಕಡಿಮೆ, ನಿಯಮವನ್ನು ಮುಟ್ಟದೆ ಬಿಟ್ಟ ವರ್ಷಗಳಲ್ಲಿ ಚೆನ್ನಾಗಾಗುತ್ತದೆ. ಹೊಸ ನಿಯಮ ಬಂದಾಗ ಒಬ್ಬರಿಗೆ ಉತ್ತರ ಮೊದಲೇ ಸಿಗುತ್ತದೆ, ಉಳಿದವರಿಗೆ ಅದು ಅರ್ಥವಾಗಲು ಎರಡು ಮೂರು ವರ್ಷ ಬೇಕು. 2022ರ ನಿಯಮವನ್ನೇ ನೋಡಿ. 2023 ಸಪ್ಪೆ. ಅದೇ ನಿಯಮದಲ್ಲಿ 2024ರಲ್ಲಿ ಏಳು ಡ್ರೈವರ್‌ಗಳು ಗೆದ್ದರು, 2025ರಲ್ಲಿ ಕೊನೆಯ ರೇಸಿನವರೆಗೆ ಮೂವರು ಕಣದಲ್ಲಿದ್ದು ನಾರಿಸ್ ಎರಡೇ ಎರಡು ಪಾಯಿಂಟಿನಿಂದ ಚಾಂಪಿಯನ್ ಆದರು. ಎಲ್ಲರೂ ಒಂದೇ ಮಟ್ಟಕ್ಕೆ ಬಂದರು ಎನ್ನುವಾಗ 2026ಕ್ಕೆ ನಿಯಮದ ಪುಸ್ತಕ ಹರಿದು ಹಾಕಿದರು. ನನಗೆ ನಿಜವಾಗಿ ಬೇಸರವಾದದ್ದು ಅದು.

ಇನ್ನು ನಾಟಕಕ್ಕೆಂದೇ ತಂದ ನಿಯಮಗಳು. 2014ರಲ್ಲಿ ಕೊನೆಯ ರೇಸಿಗೆ ಡಬಲ್ ಪಾಯಿಂಟ್, ಒಂದೇ ವರ್ಷಕ್ಕೆ ಬಿಟ್ಟರು. 2016ರಲ್ಲಿ ಗಡಿಯಾರ ನೋಡಿ ಒಬ್ಬೊಬ್ಬರನ್ನೇ ಹೊರಹಾಕುವ ಕ್ವಾಲಿಫೈಯಿಂಗ್, ಎರಡು ರೇಸಿಗೇ ಮುಗಿಯಿತು. ಮೊನಾಕೊದಲ್ಲಿ 2024ರಲ್ಲಿ ಮೊದಲ ಹತ್ತು ಮಂದಿ ಹೊರಟ ಕ್ರಮದಲ್ಲೇ ಮುಗಿಸಿದರು ಎಂದು 2025ಕ್ಕೆ ಎರಡು ಪಿಟ್‌ಸ್ಟಾಪ್ (ಟಯರ್ ಬದಲಿಸಲು ನಿಲ್ಲುವುದು) ಕಡ್ಡಾಯ ಮಾಡಿದರು. ಆಗಿದ್ದು ಏನೆಂದರೆ, ಒಬ್ಬ ಬೇಕೆಂದೇ ನಿಧಾನ ಓಡಿಸಿ ಹಿಂದಿನವರನ್ನೆಲ್ಲ ತಡೆದು ತನ್ನ ಜೊತೆಗಾರನಿಗೆ ಪಿಟ್ಟಿಗೆ ಹೋಗಿ ಬರಲು ಜಾಗ ಮಾಡಿಕೊಡುವುದು. ಜಗತ್ತಿನ ಅತಿ ವೇಗದ ಡ್ರೈವರ್‌ಗಳು ನಿಧಾನ ಓಡಿಸುವುದನ್ನು ನೋಡಲು ನಾನು ಟೀವಿ ಹಾಕುವುದಿಲ್ಲ. ಡಿಆರ್‌ಎಸ್ ಕೂಡ ನನಗೆ ಹಿಡಿಸಲಿಲ್ಲ. ಒಂದು ಸೆಕೆಂಡಿನೊಳಗೆ ಬಂದರೆ ರೆಕ್ಕೆ ತೆರೆಯುತ್ತಿತ್ತು, ಮುಂದಿನವನು ಏನೂ ಮಾಡುವ ಹಾಗಿರಲಿಲ್ಲ. ಓವರ್‌ಟೇಕ್ ಎಷ್ಟಾಯಿತು ಎನ್ನುವುದಕ್ಕಿಂತ ಮುಂದಿನವನು ಎಷ್ಟು ಹೊತ್ತು ತಡೆದು ನಿಂತ ಎನ್ನುವುದರಲ್ಲಿ ಸ್ವಾರಸ್ಯ ಇರುತ್ತದೆ. 2026ರಲ್ಲಿ ರೆಕ್ಕೆ ಎಲ್ಲರಿಗೂ ತೆರೆಯುತ್ತದೆ, ಹಿಂದಿನವನಿಗೆ ಸಿಗುವುದು ಜಾಸ್ತಿ ಬ್ಯಾಟರಿ ಶಕ್ತಿ. ಅದನ್ನು ಎಲ್ಲಿ ಖರ್ಚು ಮಾಡಬೇಕು ಎಂದು ಡ್ರೈವರ್ ಯೋಚಿಸಬೇಕು, ಅಷ್ಟರ ಮಟ್ಟಿಗೆ ಒಳ್ಳೆಯದು.

ನನ್ನನ್ನು ಕೇಳಿದರೆ ಮೊದಲು ಕಾರು ಚಿಕ್ಕದಾಗಲಿ. 2008ರಲ್ಲಿ ಕನಿಷ್ಠ ತೂಕ ಡ್ರೈವರ್ ಸೇರಿ 605 ಕೆಜಿ, 2026ರ ನಿಯಮದಲ್ಲಿ 768. ಅಗಲ 2026ಕ್ಕೆ 2 ಮೀಟರಿನಿಂದ 1.9ಕ್ಕೆ ಇಳಿಸಿದ್ದಾರೆ, 1998ರಿಂದ 2016ರವರೆಗೆ ಇದ್ದ 1.8ಕ್ಕೆ ತಂದರೆ ಇನ್ನೂ ಒಳ್ಳೆಯದು. ಆಮೇಲೆ ಐದು ವರ್ಷ ಏನನ್ನೂ ಮುಟ್ಟಬಾರದು.

ಪಣಂಬೂರು_ಪಿಟ್‌ಲೇನ್:

ಎಲ್ಲರಿಗೂ ಥ್ಯಾಂಕ್ಸ್. ಗಾಳಿಯ ವಿಷಯ ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಮನೆಯವರಿಗೆ 2025ರ ಕೊನೆಯ ಕೆಲವು ರೇಸುಗಳ ಹೈಲೈಟ್ಸ್ ತೋರಿಸಿ ಶುರು ಮಾಡುತ್ತೇನೆ. ಒಂದೇ ಥರದ ಕಾರುಗಳ ರೇಸ್ ಎದುರಿನಿಂದ ನೋಡಬೇಕು ಅಂತಲೂ ಆಸೆ ಆಗಿದೆ. ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲಿ ನ್ಯಾಷನಲ್ಸ್ (ರಾಷ್ಟ್ರೀಯ ರೇಸಿಂಗ್ ಚಾಂಪಿಯನ್‌ಷಿಪ್) ನಡೆಯುವಾಗ ಮಂಗಳೂರಿನಿಂದ ರೈಲಿನಲ್ಲೇ ಹೋಗಿ ಬರಬಹುದು. ಬರುವವರಿದ್ದರೆ ಇಲ್ಲೇ ಹೇಳಿ, ಒಟ್ಟಿಗೆ ಟಿಕೆಟ್ ಮಾಡುವ.

ಕಾಪು_ರೈಡರ್:

ನಾನು ಬರುತ್ತೇನೆ. ಅಲ್ಲಿ ಬೈಕ್ ರೇಸ್ ಕೂಡ ಇರುವ ವಾರ ನೋಡಿ ಬುಕ್ ಮಾಡಿ.