ನಮ್ಮ ಏಜೆನ್ಸಿಯನ್ನು ದೊಡ್ಡ ಕಂಪನಿ ಕೊಳ್ಳುತ್ತಿದೆ, ಕನ್ನಡ ತಂಡದವರು ಈಗ ಏನು ಕೇಳಬೇಕು?

ಜಯನಗರ ಕಾಪಿ ರೈಟರ್:

ಎಲ್ಲರಿಗೂ ನಮಸ್ಕಾರ. ಜಯನಗರದ ಒಂದು ಡಿಜಿಟಲ್ ಮಾರ್ಕೆಟಿಂಗ್ ಏಜೆನ್ಸಿಯಲ್ಲಿ ಕನ್ನಡ ಕಾಪಿ ಬರೆಯುತ್ತೇನೆ. ಒಟ್ಟು 46 ಜನ ಇದ್ದೇವೆ, ಕನ್ನಡಕ್ಕೆ ಐದು ಜನ. ಕಳೆದ ಸೋಮವಾರ ಬಾಸ್ ಎಲ್ಲರಿಗೂ ಖಾರಾಬಾತ್, ಕೇಸರಿಬಾತ್ ತರಿಸಿದ್ದರು. ತಿಂದು ಕೈ ತೊಳೆದು ಬರುವಷ್ಟರಲ್ಲಿ ಗೋಡೆ ಮೇಲೆ ಒಂದು ಸ್ಲೈಡ್. ನಡುವೆ ಮುಂಬೈನ ಒಂದು ಕಂಪನಿಯ ಲೋಗೋ, ಸುತ್ತಲೂ ಅವರು ಮೂರು ವರ್ಷದಲ್ಲಿ ಕೊಂಡ ಸಣ್ಣ ಕಂಪನಿಗಳ ಲೋಗೋಗಳು. ವಿಡಿಯೊ ಮಾಡುವವರದು ಒಂದು, ಇನ್‌ಫ್ಲುಯೆನ್ಸರ್ ಕೆಲಸದವರದು ಒಂದು, ಡೇಟಾ ನೋಡುವವರದು ಒಂದು. ಕೊನೆಯಲ್ಲಿ ನಮ್ಮದು.

ಖುಷಿಯೂ ಆಯಿತು, ಭಯವೂ ಆಯಿತು. ಇವರು ಇಷ್ಟು ಬೇಗ ಬೇಗ ಕಂಪನಿ ಕೊಳ್ಳಲು ದುಡ್ಡು ಎಲ್ಲಿಂದ ತರುತ್ತಾರೆ? ಬಾಸ್ ಮೂರು ವರ್ಷ ಇಲ್ಲೇ ಇರುತ್ತಾರಂತೆ, ಯಾಕೆ ಮೂರೇ ವರ್ಷ? ನನಗೆ ಇಲ್ಲಿ ನಾಲ್ಕು ವರ್ಷ ಮೂರು ತಿಂಗಳಾಗಿದೆ, ಐದು ತುಂಬಿದರೆ ಗ್ರಾಚ್ಯುಟಿ ಸಿಗುತ್ತದೆ ಅಂತ ಲೆಕ್ಕ ಹಾಕಿಕೊಂಡಿದ್ದೆ. ಅದು ಹೋಗುತ್ತಾ? ತಿಳಿದವರು ಹೇಳಿ, ಪ್ಲೀಸ್.

ಲೆಕ್ಕದ ಮನುಷ್ಯ:

ಇಂಥ ಖರೀದಿಗಳ ಲೆಕ್ಕ ನೋಡುವುದೇ ನನ್ನ ಕೆಲಸ. ಮೊದಲ ಎರಡು ಪ್ರಶ್ನೆಗೆ ಉತ್ತರಿಸುತ್ತೇನೆ.

ನಿಮ್ಮ ಏಜೆನ್ಸಿಗೆ ವರ್ಷಕ್ಕೆ 2 ಕೋಟಿ ಲಾಭ ಅಂತ ಇಟ್ಟುಕೊಳ್ಳಿ. ಸಣ್ಣ ಕಂಪನಿ, ನಾಲ್ಕೈದು ಕ್ಲೈಂಟ್ ಮೇಲೆ ನಿಂತಿದೆ, ಹಾಗಾಗಿ ಲಾಭದ ಐದು ಪಟ್ಟು, ಅಂದರೆ 10 ಕೋಟಿಗೆ ಕೊಳ್ಳುತ್ತಾರೆ. ಕೊಳ್ಳುವ ಕಂಪನಿ ದೊಡ್ಡದು, ಅದಕ್ಕೆ ಮಾರುಕಟ್ಟೆಯಲ್ಲಿ ಲಾಭದ ಇಪ್ಪತ್ತು ಪಟ್ಟು ಬೆಲೆ ಇದೆ ಅಂದುಕೊಳ್ಳಿ. ನಿಮ್ಮ ಅದೇ 2 ಕೋಟಿ ಅವರ ಲೆಕ್ಕದ ಪುಸ್ತಕಕ್ಕೆ ಹೋದ ದಿನವೇ 40 ಕೋಟಿಯ ಹಾಗೆ ಕಾಣುತ್ತದೆ. ಯಾರೂ ಒಂದು ಜಾಹೀರಾತೂ ಜಾಸ್ತಿ ಮಾಡಿಲ್ಲ. ಏರಿದ ಬೆಲೆಯ ಷೇರನ್ನೇ ಕೊಟ್ಟು, ಅಥವಾ ಅದರ ಬಲದ ಮೇಲೆ ಸಾಲ ಎತ್ತಿ, ಮುಂದಿನ ಕಂಪನಿ ಕೊಳ್ಳುತ್ತಾರೆ. ಷೇರು ಬೆಲೆ ಬಿದ್ದರೆ ಅಥವಾ ಬಡ್ಡಿ ಏರಿದರೆ ಇದು ಅಲ್ಲಿಗೇ ನಿಲ್ಲುತ್ತದೆ.

ಇದೇನು ಹೊಸ ದಾರಿಯಲ್ಲ. ಡಬ್ಲ್ಯುಪಿಪಿ ಅಂತ ದೊಡ್ಡ ಜಾಹೀರಾತು ಕಂಪನಿ ಇದೆಯಲ್ಲ, ಅದು ಮೊದಲು ಇಂಗ್ಲೆಂಡಿನಲ್ಲಿ ತಂತಿ ಬುಟ್ಟಿ ಮಾಡುವ ಕಂಪನಿ. 1985ರಲ್ಲಿ ಮಾರ್ಟಿನ್ ಸೊರೆಲ್ ಅದರಲ್ಲಿ ಪಾಲು ಕೊಂಡರು, 1987ರಲ್ಲಿ ಜೆ. ವಾಲ್ಟರ್ ಥಾಂಪ್ಸನ್, 1989ರಲ್ಲಿ ಒಗಿಲ್ವಿ ಅನ್ನುವ ದೊಡ್ಡ ಜಾಹೀರಾತು ಏಜೆನ್ಸಿಗಳನ್ನು ಸಾಲ ಮಾಡಿ ಕೊಂಡರು. ಆ ಸಾಲದ ಭಾರಕ್ಕೆ 90ರ ದಶಕದ ಶುರುವಿನಲ್ಲಿ ಕಂಪನಿ ಮುಳುಗುವ ಹಂತಕ್ಕೆ ಬಂದು ಆಮೇಲೆ ಚೇತರಿಸಿಕೊಂಡಿತು. ನಮ್ಮ ದೇಶದ್ದೇ ಬೇಕಾದರೆ ಸೌಂದರ್ಯ ಸಾಮಗ್ರಿ ಮಾರುತ್ತಿದ್ದ ಗುಡ್ ಗ್ಲಾಮ್ ಗ್ರೂಪ್ ನೋಡಿ. 2020ರಲ್ಲಿ ಪಾಪ್‌ಎಕ್ಸೊ, 2021ರಲ್ಲಿ ಬೇಬಿಚಕ್ರ, ಸ್ಕೂಪ್‌ವೂಪ್, ಮಿಸ್‌ಮಾಲಿನಿ ಅಂತ ಜನ ಓದುವ ವೆಬ್‌ಸೈಟ್‌ಗಳನ್ನು ಕೊಂಡರು. ಓದುಗರನ್ನು ಕೊಂಡರೆ ಅವರಿಗೆ ಕ್ರೀಮು, ಲಿಪ್‌ಸ್ಟಿಕ್ ಮಾರಬಹುದು ಅನ್ನುವ ಯೋಚನೆ. 2025ರ ಜುಲೈ ಹೊತ್ತಿಗೆ ಗ್ರೂಪ್ ಒಡೆಯಿತು, ಸಾಲ ಕೊಟ್ಟವರು ಬ್ರಾಂಡ್‌ಗಳನ್ನು ಬಿಡಿಬಿಡಿಯಾಗಿ ಮಾರಲು ನಿಂತರು.

ಆದರೆ ಎಲ್ಲರೂ ಇದೇ ಲೆಕ್ಕಕ್ಕೆ ಕೊಳ್ಳುವುದಿಲ್ಲ. ತಮಗೆ ಬಾರದ ಕೆಲಸ ಬರುವವರನ್ನು ಹುಡುಕಿ ಕೊಳ್ಳುವವರೂ ಇದ್ದಾರೆ. ನಮ್ಮೂರಿನ ಇನ್ಫೊಸಿಸ್ 2018ರಲ್ಲಿ ಸಿಯಾಟಲ್‌ನ ವಾಂಗ್‌ಡೂಡಿ ಅನ್ನುವ ಜಾಹೀರಾತು ಏಜೆನ್ಸಿ ಕೊಂಡಿತು. ಅದೇ ವರ್ಷ ಮೊಬೈಲ್ ಜಾಹೀರಾತಿನ ಕಂಪನಿ ಇನ್‌ಮೊಬಿ 9 ಕೋಟಿ ಡಾಲರ್ ಕೊಟ್ಟು ಅಮೆರಿಕದ ಏರ್‌ಸರ್ವ್ ಕೊಂಡಿತು, ಮೊಬೈಲ್ ವಿಡಿಯೊ ಜಾಹೀರಾತಿನ ತಂತ್ರಜ್ಞಾನ ಬೇಕಿತ್ತು ಅಂತ. ಜಪಾನಿನ ಜಾಹೀರಾತು ಕಂಪನಿ ಡೆಂಟ್ಸು ಕೂಡ ಭಾರತದಲ್ಲಿ ಬೆಳೆದದ್ದು ಹೀಗೇ, ಇಲ್ಲಿನ ಏಜೆನ್ಸಿಗಳನ್ನು ಕೊಂಡು: 2013ರಲ್ಲಿ ವೆಬ್‌ಚಟ್ನಿ, 2015ರಲ್ಲಿ ವಾಟ್‌ಕನ್ಸಲ್ಟ್, 2016ರಲ್ಲಿ ಬೆಂಗಳೂರಿನ ಹ್ಯಾಪಿ. ನಿಮ್ಮನ್ನು ಯಾವ ಕಾರಣಕ್ಕೆ ಕೊಳ್ಳುತ್ತಿದ್ದಾರೆ ಅನ್ನುವುದು ಗೊತ್ತಾದರೆ ಉಳಿದದ್ದು ಅರ್ಧ ಗೊತ್ತಾದ ಹಾಗೆ.

ಮೂರು ವರ್ಷ ಯಾಕೆ ಅಂದರೆ, ಅದು ಅರ್ನ್-ಔಟ್, ಅಂದರೆ ಬೆಲೆಯ ಒಂದು ಭಾಗವನ್ನು ಆಮೇಲೆ ಕೊಡುವುದು. ಉದಾಹರಣೆಗೆ, 10 ಕೋಟಿಯಲ್ಲಿ 6 ಈಗ, ಉಳಿದ 4 ಮೂರು ವರ್ಷದಲ್ಲಿ, ಅದೂ ಹೇಳಿದಷ್ಟು ಲಾಭ ಬಂದರೆ ಮಾತ್ರ. ಏಜೆನ್ಸಿಯಲ್ಲಿ ಯಂತ್ರವೂ ಇಲ್ಲ, ಜಾಗವೂ ಇಲ್ಲ, ಇರುವುದು ಜನ. ಮಾಲೀಕರು ದುಡ್ಡು ತಗೊಂಡು ಮಾರನೇ ದಿನ ಹೊರಟರೆ ಕೊಂಡವರ ಕೈಯಲ್ಲಿ ಏನೂ ಉಳಿಯುವುದಿಲ್ಲ, ಅದಕ್ಕೇ ಹೀಗೆ ಕಟ್ಟಿಹಾಕುತ್ತಾರೆ.

ಮಲ್ಲೇಶ್ವರ 18ನೇ ಕ್ರಾಸ್:

ಇದನ್ನೆಲ್ಲ ನಾನು ಅನುಭವಿಸಿದ್ದೇನೆ ಮೇಡಂ. ಯಾವ ಕಂಪನಿ ಅಂತ ಹೇಳುವುದಿಲ್ಲ. ಮೊದಲ ಆರು ತಿಂಗಳು ಹೊಸ ಐಡಿ ಕಾರ್ಡ್ ಬಿಟ್ಟರೆ ಏನೂ ಬದಲಾಗಲಿಲ್ಲ. ಆಮೇಲೆ ಅರ್ನ್-ಔಟ್ ಲೆಕ್ಕ ಶುರುವಾಯಿತು. ಯಾರಾದರೂ ಕೆಲಸ ಬಿಟ್ಟರೆ ಆ ಜಾಗ ತುಂಬುವುದಿಲ್ಲ, ಯಾಕೆಂದರೆ ಉಳಿದ ಸಂಬಳ ನೇರ ಲಾಭಕ್ಕೆ ಸೇರುತ್ತದೆ. ಬಾಸ್ ಕೆಟ್ಟವರಲ್ಲ, ಆದರೆ ಅವರ ದುಡ್ಡು ಅಲ್ಲಿ ಸಿಕ್ಕಿಹಾಕಿಕೊಂಡಿತ್ತು.

ಮೊದಲು ಕತ್ತರಿ ಬಿದ್ದದ್ದು ಕನ್ನಡಕ್ಕೆ. ಹಿಂದಿ ಕಾಪಿ ಒಂದು ಕಡೆ ಬರೆದು ಎಲ್ಲ ಭಾಷೆಗೂ ಅನುವಾದ ಮಾಡಿಸಿದರೆ ಸಾಕು ಅಂದರು. ರಾಜ್ಯೋತ್ಸವಕ್ಕೆ ಒಂದು ಚಿನ್ನದಂಗಡಿಯ ಬ್ಯಾನರ್ ಹೊರಗಿನಿಂದ ಮಾಡಿಸಿದರು. ಎರಡು ಸಾಲುಗಳ ನಡುವೆ ಜಾಗ ಬಿಟ್ಟಿರಲಿಲ್ಲ, 'ಹೆಮ್ಮೆ'ಯ ಮ-ಒತ್ತು ಕೆಳಗಿನ ಸಾಲಿನ ಅಡಿ ಹೋಗಿ 'ಹೆಮೆ' ಅಂತ ಓದಿಸುತ್ತಿತ್ತು. ನಮ್ಮ ತಂಡದಲ್ಲಿ ಯಾರೇ ನೋಡಿದ್ದರೂ ಹತ್ತು ಸೆಕೆಂಡಿನಲ್ಲಿ ಹಿಡಿಯುತ್ತಿದ್ದರು. ತೋರಿಸಲೇ ಇಲ್ಲ. ಅಂಗಡಿಯವರು ಮುಂದಿನ ವರ್ಷ ನಮ್ಮ ಜೊತೆ ಇರಲಿಲ್ಲ. ನನಗೆ ಇವತ್ತಿಗೂ ಬೇಜಾರಿದೆ. ನಿಮ್ಮ ಐದು ಜನರ ಕೆಲಸ ಎಷ್ಟು ಕ್ಲೈಂಟ್‌ಗಳನ್ನು ಹಿಡಿದಿಟ್ಟಿದೆ ಅನ್ನುವುದನ್ನು ಈಗಲೇ ಬರೆದು ಕೊಡಿ, ಕೊಂಡವರು ನಿಮ್ಮನ್ನು ಬರೀ ಸಂಬಳದ ಸಾಲಿನಲ್ಲಿ ನೋಡುವ ಮುಂಚೆ.

ಹೆಸರು ಉಳಿಯುತ್ತದೆ ಅಂತಲೂ ನಂಬಬೇಡಿ. 2025ರ ನವೆಂಬರ್‌ನಲ್ಲಿ ಅಮೆರಿಕದ ಜಾಹೀರಾತು ಕಂಪನಿ ಓಮ್ನಿಕಾಮ್ ತನ್ನಂಥದ್ದೇ ಇನ್ನೊಂದು ಕಂಪನಿ ಐಪಿಜಿಯನ್ನು ಕೊಂಡು ಮುಗಿಸಿತು. ಮುಂದಿನ ತಿಂಗಳೇ 1949ರಿಂದ ಇದ್ದ ತನ್ನದೇ ಏಜೆನ್ಸಿ ಡಿಡಿಬಿಯ ಹೆಸರನ್ನೇ ಕೈಬಿಡುವುದಾಗಿ ಹೇಳಿತು.

ಎಚ್‌ಆರ್ ವಿಜಯನಗರ:

ಗ್ರಾಚ್ಯುಟಿ ವಿಷಯಕ್ಕೆ ಬರುತ್ತೇನೆ. ಅವರು ಷೇರು ಕೊಳ್ಳುತ್ತಿದ್ದಾರಾ, ಅಥವಾ ನಿಮ್ಮ ವ್ಯವಹಾರವನ್ನು ಮಾತ್ರ ತಮ್ಮ ಕಂಪನಿಗೆ ಎತ್ತಿಕೊಳ್ಳುತ್ತಿದ್ದಾರಾ, ಇದನ್ನು ಮೊದಲು ಕೇಳಿ. ಷೇರು ಕೊಂಡರೆ ಮಾಲೀಕರು ಬದಲಾದರು ಅಷ್ಟೇ. ನಿಮಗೆ ಸಂಬಳ ಕೊಡುವ ಕಂಪನಿ ಅದೇ, ಸೇವೆಯ ಲೆಕ್ಕವೂ ಅದೇ, ಹೆದರಬೇಡಿ.

ವ್ಯವಹಾರ ಎತ್ತಿಕೊಂಡರೆ ಹೊಸ ನೇಮಕಾತಿ ಪತ್ರ ಕೊಡುತ್ತಾರೆ. ಅದರಲ್ಲಿ ನಿಮ್ಮ ಮೊದಲ ಸೇರ್ಪಡೆ ದಿನಾಂಕ ಇರಬೇಕು, ಹಿಂದಿನ ಸೇವೆ ಮುಂದುವರಿಯುತ್ತದೆ ಅಂತ ಸ್ಪಷ್ಟವಾಗಿ ಬರೆದಿರಬೇಕು. ಬಾಯಿಮಾತಿನಲ್ಲಿ ಒಪ್ಪಿದರೆ ಸಾಲದು. ಕೆಲವು ಕಡೆ ಮೊದಲು ರಾಜೀನಾಮೆ ಕೊಡಿ, ಆಮೇಲೆ ಹೊಸ ಪತ್ರ ಕೊಡುತ್ತೇವೆ ಅನ್ನುತ್ತಾರೆ. ಸುಮ್ನೆ ಸಹಿ ಹಾಕಬೇಡಿ, ಸೇವೆ ಅಲ್ಲಿಗೇ ಮುರಿಯಿತು ಅಂತ ನಾಳೆ ಹೇಳಲು ದಾರಿ ಆಗುತ್ತದೆ. ಉಳಿದ ರಜೆಗಳನ್ನೂ ಪತ್ರದಲ್ಲಿ ಸೇರಿಸಲು ಹೇಳಿ. ಪಿಎಫ್ ಖಾತೆಯ ಯುಎಎನ್ ನಂಬರ್ ಅದೇ ಇರುತ್ತದೆ. ಈಸಾಪ್, ಅಂದರೆ ಉದ್ಯೋಗಿಗಳಿಗೆ ಕೊಡುವ ಕಂಪನಿಯ ಷೇರಿನ ಹಕ್ಕು, ಇದ್ದರೆ ಆ ಪತ್ರದಲ್ಲಿ ಕಂಪನಿ ಮಾರಾಟವಾದಾಗ ಏನು ಅಂತ ಒಂದು ಭಾಗ ಇರುತ್ತದೆ, ಇವತ್ತೇ ಓದಿ.

ಜಯನಗರ ಕಾಪಿ ರೈಟರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಮಧ್ಯಾಹ್ನ ಕೇಳಿದೆ. ವ್ಯವಹಾರ ಎತ್ತಿಕೊಳ್ಳುವುದಂತೆ, ಮುಂದಿನ ವಾರ ಹೊಸ ಪತ್ರ ಬರುತ್ತದೆ. ಸೇರ್ಪಡೆ ದಿನಾಂಕದ ವಿಷಯ ಮೇಲ್‌ನಲ್ಲೇ ಬರೆದು ಕಳಿಸಿದ್ದೇನೆ. ನಾವು ಐದು ಜನ ಕೂತು ಪಟ್ಟಿ ಮಾಡಿದೆವು: ಹನ್ನೊಂದು ಕ್ಲೈಂಟ್‌ಗಳಲ್ಲಿ ಏಳಕ್ಕೆ ಕನ್ನಡ ಕೆಲಸ ಇದೆ, ಅದರಲ್ಲಿ ಮೂರು ನಮ್ಮ ಹತ್ತಿರ ಬಂದದ್ದೇ ಕನ್ನಡಕ್ಕಾಗಿ. ನಾವೇ ಇದನ್ನು ಇಲ್ಲಿಯವರೆಗೆ ಲೆಕ್ಕ ಹಾಕಿರಲಿಲ್ಲ.

ಎಚ್‌ಆರ್ ವಿಜಯನಗರ:

ಒಳ್ಳೆಯದಾಯಿತು. ಇನ್ನೊಂದು ಮಾತು. ಹಳೆಯ ನೇಮಕಾತಿ ಪತ್ರ, ಎಲ್ಲ ಪೇ ಸ್ಲಿಪ್, ಸಂಬಳ ಏರಿಸಿದ ಪತ್ರಗಳನ್ನು ಇವತ್ತು ರಾತ್ರಿಯೇ ಇಳಿಸಿ ನಿಮ್ಮ ಸ್ವಂತ ಮೇಲ್‌ಗೆ ಹಾಕಿಕೊಳ್ಳಿ. ಕಂಪನಿ ಕೈ ಬದಲಾದ ಮೇಲೆ ಹಳೆಯ ಪೋರ್ಟಲ್ ಎಷ್ಟು ದಿನ ತೆರೆದಿರುತ್ತದೆ ಅಂತ ಹೇಳಲು ಆಗುವುದಿಲ್ಲ. ಉಳಿದ ನಾಲ್ಕು ಜನಕ್ಕೂ ಹೇಳಿ.