ಸಾಮು, ಕಸರತ್ತು, ಪಟ್ಟು: ವೇಟ್ ಟ್ರೇನಿಂಗ್‌ಗೆ ಯಾವ ಮಾತು?

ಬಲ್ಲವರಿಗೆ ನಮಸ್ಕಾರ.

ಕರಾಟೆ ಕಲಿಯುವ ಕಾಲೇಜು ಹುಡುಗರಿಗಾಗಿ ವಾರದ ಅಭ್ಯಾಸಪಟ್ಟಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೂರು ದಿನ ಕರಾಟೆ, ಎರಡು ದಿನ ಜಿಮ್. ಕರಾಟೆಯ ಭಾಗ ಸಲೀಸಾಗಿ ಮುಗಿಯಿತು, ಜಿಮ್ಮಿನ ಭಾಗದಲ್ಲಿ ತಡವರಿಸುತ್ತಿದ್ದೇನೆ. ‘ತೂಕದ ತರಬೇತಿ’ ಎಂದರೆ ಮೈ ಇಳಿಸುವ ಶಿಬಿರದಂತೆ ಕೇಳಿಸುತ್ತದೆ. ‘ಭಾರ ಎತ್ತುವುದು’ ಒಲಿಂಪಿಕ್ಸ್ ಸ್ಪರ್ಧೆಯ ಪಾಲಾಗಿದೆ.

‘ಕಸರತ್ತು’ ಆಗಬಹುದೇ? ಅರಬ್ಬಿಯಲ್ಲಿ ಅದರ ಮೂಲಾರ್ಥ ಹೆಚ್ಚಳ, ಬಾಹುಳ್ಯ. ನೂರಾರು ದಂಡ, ಬಸ್ಕಿ ಹೊಡೆಯುವ ಗರಡಿಗೆ ಹೇಳಿ ಮಾಡಿಸಿದ ಮಾತು. ಬಾರ್‌ಬೆಲ್ಲಿನ ಲೆಕ್ಕವೇ ಬೇರೆ: ಹೆಚ್ಚು ಭಾರ, ಐದಾರು ಸಲ, ಆಮೇಲೆ ಎರಡು ಮೂರು ನಿಮಿಷ ದಣಿವಾರಿಸಿಕೊಳ್ಳುವುದು. ಸಾಲದ್ದಕ್ಕೆ, ನಮ್ಮ ಪತ್ರಿಕೆಗಳು ಕಸರತ್ತನ್ನು ಸಂಪುಟ ವಿಸ್ತರಣೆಗೆ ಬರೆದುಕೊಟ್ಟು ಬಹಳ ಕಾಲವಾಯಿತು.

ನನ್ನ ಒಲವು ‘ಸಾಮು’ ಕಡೆಗೆ. ಗರಡಿಯಲ್ಲಿ ಗದೆ ತಿರುಗಿಸುವುದೂ ಸಾಮು, ಕತ್ತಿ ಬೀಸುವುದೂ ಕತ್ತಿಸಾಮು. ಮೈ ಗಟ್ಟಿ ಮಾಡುವುದನ್ನೂ ವರಸೆ ಕಲಿಯುವುದನ್ನೂ ಆ ಮಾತು ಬೇರ್ಪಡಿಸುವುದೇ ಇಲ್ಲ. ಅದು ಅದರ ಚೆಲುವು. ನನ್ನ ತೊಡಕೂ ಅದೇ, ಏಕೆಂದರೆ ಪಟ್ಟಿಯಲ್ಲಿ ಎರಡಕ್ಕೂ ಬೇರೆ ಬೇರೆ ಅಂಕಣಗಳಿವೆ.

ಕರಾಟೆಯ ತವರಾದ ಓಕಿನಾವಾದಲ್ಲಿ ಇದಕ್ಕೆ ‘ಹೋಜೊ ಉಂಡೊ’ ಎನ್ನುತ್ತಾರೆ, ಅಂದರೆ ಪೂರಕ ವ್ಯಾಯಾಮ. ಮರದ ಹಿಡಿಯ ತುದಿಗೆ ಕಲ್ಲು ಕೂಡಿಸಿದ ‘ಚಿ-ಇಶಿ’ಯನ್ನು ಮಣಿಕಟ್ಟು, ಭುಜಗಳ ಬಲಕ್ಕಾಗಿ ತಿರುಗಿಸುತ್ತಾರೆ. ನೋಡಿದರೆ ನಮ್ಮ ಗದೆಯ ತಮ್ಮನಂತಿದೆ. ಬೆರಳುಗಳ ಹಿಡಿತಕ್ಕೆ ಜಾಡಿಗಳಿವೆ: ಬಾಯಂಚನ್ನು ಹಿಡಿದು ಎತ್ತಿಕೊಂಡು ನಡೆಯುವುದು. ಭಾರವೆಲ್ಲ ಕಲೆಯ ಸೇವೆಗೆ ಎಂಬುದು ಹೆಸರಿನಲ್ಲೇ ಇದೆ. ಆ ಜಾಡಿನಲ್ಲಿ ‘ಪೂರಕ ಸಾಮು’ ಎಂದು ಬರೆದಿದ್ದೇನೆ. ಕಿವಿಗೆ ಹಿತವಾಗಿದೆಯೇ, ಹೇಳಿ.

ಇನ್ನೊಂದು ಎಡವಟ್ಟು. ಮೊದಲ ಕರಡಿನಲ್ಲಿ ‘ಭಾರದ ಬಸ್ಕಿ, ಐದು ಪಟ್ಟು’ ಎಂದು ಬರೆದಿದ್ದೆ. ಕುಸ್ತಿಯನ್ನೂ ಆಡುವ ಹುಡುಗನೊಬ್ಬ, ‘ಸರ್, ಯಾವ ಐದು ಪಟ್ಟು?’ ಎಂದು ಕೇಳಿದ. ಇನ್ನೊಬ್ಬ ಐದರಷ್ಟು ಭಾರ ಹೇರಬೇಕೆಂದು ತಿಳಿದಿದ್ದ. ಸದ್ಯ, ಕೇಳಿ ಮಾಡಿದ. ಈಗ ‘ಐದು ಸಲ’ ಎಂದು ತಿದ್ದಿದ್ದೇನೆ. ಬಸ್ಕಿಯನ್ನು ಮಾತ್ರ ಬಿಡಲಾರೆ, ಶಾಲೆಯ ಶಿಕ್ಷೆ ನೆನಪಾಗಿ ಅವರು ನಕ್ಕರೂ ಸರಿಯೇ.

ಉತ್ತರ ಕರ್ನಾಟಕದವರಲ್ಲಿ ಒಂದು ಕೇಳಿಕೆ: ಸಂಗ್ರಾಣಿ ಕಲ್ಲು ಎತ್ತುವವರು ಸ್ಪರ್ಧೆಗೆ ಮುಂಚೆ ತಿಂಗಳುಗಟ್ಟಲೆ ಮಾಡುವ ತಯಾರಿಗೆ ‘ತಾಲೀಮು’ ಎನ್ನುತ್ತಾರೆಯೇ, ಅಥವಾ ಬೇರೆ ಮಾತಿದೆಯೇ?